ಲ್ಯಾಂಡ್‌ಸ್ಕೇಪ್‌ಗೆ ಯಾವ ಫಿಲ್ಟರ್ ಸೆಟ್ ತಗೊಳ್ಳಲಿ? ಪದೇ ಪದೇ ಕೇಳುವ ಪ್ರಶ್ನೆಗಳು

ಫಿಲ್ಟರ್ ಕೊಳ್ಳಲು ಹೊರಟವರು ಹೆಚ್ಚಾಗಿ ಗಾಜಿನ ಬಗ್ಗೆ ಕೇಳುತ್ತಾರೆ: ಎಷ್ಟು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ ಇಳಿಯುವುದು), ಎಷ್ಟು ಪದರ ಕೋಟಿಂಗ್, ಯಾವ ಕಂಪನಿ. ಈಗ ಮಧ್ಯಮ ಬೆಲೆಗೂ ಗಾಜು ಚೆನ್ನಾಗಿಯೇ ಸಿಗುತ್ತದೆ. ತೊಂದರೆ ಕೊಡುವುದು ಅದನ್ನು ಲೆನ್ಸಿಗೆ ಸೇರಿಸುವ ವ್ಯವಸ್ಥೆ. ಜಾರುವ ಬಂಡೆಯ ಮೇಲೆ ನಿಂತು, ಕೊಡೆಯನ್ನು ಕುತ್ತಿಗೆಗೆ ಸಿಕ್ಕಿಸಿಕೊಂಡು ಹಾಕಿ ತೆಗೆಯಲು ಬಾರದ ಫಿಲ್ಟರ್ ಎಷ್ಟೇ ದುಬಾರಿಯಾದರೂ ಬ್ಯಾಗಿನಲ್ಲೇ ಉಳಿಯುತ್ತದೆ. ಮಾತುಕತೆ, ಪತ್ರ, ಕಾಮೆಂಟುಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳಿಗೆ ಆ ಲೆಕ್ಕದಲ್ಲೇ ಇಲ್ಲಿ ಉತ್ತರ ಕೊಟ್ಟಿದ್ದೇವೆ.

## ಕೊಳ್ಳುವ ಮುಂಚೆ

ಫೋಟೋ ತಿದ್ದೋಕೆ ಲೈಟ್‌ರೂಮ್ ಸಾಫ್ಟ್‌ವೇರ್ ಇದೆ, ಎಲ್ಲಾ ಅದರಲ್ಲೇ ಸರಿ ಮಾಡ್ಕೋಬಹುದು. ಮತ್ತೆ ಫಿಲ್ಟರ್ ಯಾಕೆ ಸಾರ್?

ಅರ್ಧ ಮಾತು ನಿಜ. ಬಣ್ಣ ಬೆಚ್ಚಗಾಗಿಸುವ, ಆಕಾಶಕ್ಕೆ ಕಿತ್ತಳೆ ಬಳಿಯುವ ಫಿಲ್ಟರ್‌ಗಳ ಕಾಲ ಮುಗಿಯಿತು. ಅವಕ್ಕೆ ದುಡ್ಡು ಹಾಕಬೇಡಿ. ಆದರೆ ಎರಡು ಕೆಲಸ ಕಂಪ್ಯೂಟರಿನಲ್ಲಿ ಆಗುವುದಿಲ್ಲ. ಒಂದು, ಹೊಳಪು ತೆಗೆಯುವುದು. ಮಳೆಯಲ್ಲಿ ತೊಯ್ದ ಎಲೆಯ ಮೇಲೆ ಆಕಾಶದ ಬಿಳುಪು ಕೂತಿದ್ದರೆ ಅಡಿಯ ಹಸಿರು ಫೈಲಿಗೆ ಬಂದೇ ಇರುವುದಿಲ್ಲ, ಇಲ್ಲದ್ದನ್ನು ಸ್ಲೈಡರ್ ಎಳೆದು ತರಲಾಗದು. ಇನ್ನೊಂದು, ಚಲನೆ. ಹಗಲಲ್ಲಿ ಅರ್ಧ ಸೆಕೆಂಡೋ ಅರ್ಧ ನಿಮಿಷವೋ ಶಟರ್ ತೆರೆದಿಡಬೇಕಾದರೆ ಬೆಳಕು ಕಡಿಮೆ ಮಾಡಲೇಬೇಕು. ಹತ್ತಾರು ಫ್ರೇಮ್ ಸೇರಿಸಿ ನೀರನ್ನು ನಯ ಮಾಡುವ ದಾರಿಯೂ ಇದೆ. ಜಲಪಾತಕ್ಕೆ ಅದು ನಡೆಯುತ್ತದೆ. ದಡದಿಂದ ಹಿಂದೆ ಸರಿಯುವ ಅಲೆಯ ಗೆರೆಗಳು ಮಾತ್ರ ಫ್ರೇಮುಗಳ ನಡುವಿನ ಬಿಡುವಿನಿಂದಾಗಿ ತುಂಡು ತುಂಡಾಗಿ ಕಾಣುತ್ತವೆ.

ಸಿಪಿಎಲ್, ಎನ್‌ಡಿ, ಜಿಎನ್‌ಡಿ ಅಂತಾರೆ. ಬಜೆಟ್ ಕಮ್ಮಿ, ಮೊದಲು ಯಾವುದು ತಗೊಳ್ಳಲಿ?

ಮೊದಲು ಸಿಪಿಎಲ್, ಅಂದರೆ ಹೊಳಪು ತೆಗೆಯುವ ಪೋಲರೈಸರ್. ಆಮೇಲೆ ಬೆಳಕು ತಗ್ಗಿಸುವ ಕಪ್ಪು ಗಾಜಾದ ಎನ್‌ಡಿ, ಅದರಲ್ಲಿ 6 ಸ್ಟಾಪಿನ ಎನ್‌ಡಿ 64. ಮೂರನೆಯದು 10 ಸ್ಟಾಪಿನ ಎನ್‌ಡಿ 1000. ಮೇಲರ್ಧ ಕಪ್ಪು, ಕೆಳಗರ್ಧ ತಿಳಿ ಇರುವ ಜಿಎನ್‌ಡಿ ಕೊನೆಗೆ.

ಪಶ್ಚಿಮ ಘಟ್ಟದ ಜೂನ್‌ನಿಂದ ಅಕ್ಟೋಬರ್‌ವರೆಗಿನ ಕಾಡು ಮತ್ತು ತೊರೆಗೆ ಸಿಪಿಎಲ್ ಒಂದೇ ಮುಕ್ಕಾಲು ಕೆಲಸ ಮಾಡಿಕೊಡುತ್ತದೆ. ಎಲೆ, ಬಂಡೆ, ನೀರು ಮೂರರ ಹೊಳಪನ್ನೂ ಇಳಿಸುತ್ತದೆ, ಜೊತೆಗೆ 1ರಿಂದ 2 ಸ್ಟಾಪ್ ಬೆಳಕು ನುಂಗುತ್ತದೆ. ಮೋಡ ಕವಿದ ಕಾಡಿನೊಳಗೆ ಐಎಸ್‌ಒ 100, ಎಫ್/11 ಇಟ್ಟರೆ ಸಿಪಿಎಲ್ ಹಾಕಿದ ಮಾತ್ರಕ್ಕೇ ಶಟರ್ ಅರ್ಧ ಸೆಕೆಂಡಿನ ಆಸುಪಾಸಿಗೆ ಇಳಿಯುವುದುಂಟು. ತೊರೆಗೆ ಬೇಕಾದದ್ದೂ ಅಷ್ಟೇ.

ಕ್ಯಾಮೆರಾ ಅಂಗಡಿಯವರು ಯುವಿ ಫಿಲ್ಟರ್ ಕಡ್ಡಾಯ ಅಂದ್ರು. ಹೌದಾ?

ಡಿಜಿಟಲ್ ಸೆನ್ಸರಿನ ಮುಂದೆಯೇ ಯುವಿ ತಡೆಯುವ ಗಾಜು ಇರುತ್ತದೆ, ಹಾಗಾಗಿ ಚಿತ್ರಕ್ಕೆ ಇದರಿಂದ ಲಾಭವಿಲ್ಲ. ಉಪ್ಪುಗಾಳಿ, ಮರಳು, ಜಲಪಾತದ ತುಂತುರು ಇರುವ ಕಡೆ ಲೆನ್ಸಿಗೊಂದು ಅಂಗಿಯಂತೆ ಹಾಕಿಕೊಳ್ಳಬಹುದು. ಬೇರೆ ಫಿಲ್ಟರ್ ಹಾಕುವಾಗ ಅದನ್ನು ಬಿಚ್ಚಿ. ಯುವಿಯ ಮೇಲೆ ಸಿಪಿಎಲ್, ಅದರ ಮೇಲೆ ಎನ್‌ಡಿ ಪೇರಿಸಿದರೆ ಮೂಲೆ ಕಪ್ಪಾಗುತ್ತದೆ, ಸೂರ್ಯ ಎದುರಿಗಿದ್ದರೆ ಗಾಜುಗಳ ನಡುವೆ ಬೆಳಕು ಪುಟಿದು ಹಸಿರು ಚುಕ್ಕೆಗಳು ಬೀಳುತ್ತವೆ.

ನನ್ನದು 18-55 ಲೆನ್ಸ್. 55 ಮಿ.ಮೀ. ಫಿಲ್ಟರ್ ತಗೊಂಡ್ರೆ ಸರಿಯಾ?

ಆತುರ ಬೇಡ. 18-55 ಎಂಬುದು ಫೋಕಲ್ ಲೆಂಗ್ತ್. ಫಿಲ್ಟರಿಗೆ ಬೇಕಾದದ್ದು ಲೆನ್ಸಿನ ಬಾಯಿಯ ವ್ಯಾಸ. ಲೆನ್ಸಿನ ಮುಂಭಾಗದ ಅಂಚಿನಲ್ಲಿ, ಸೊನ್ನೆಗೆ ಓರೆಗೆರೆ ಎಳೆದಂಥ ಗುರುತಿನ ಪಕ್ಕ ಅದು ಬರೆದಿರುತ್ತದೆ. ಬಹಳಷ್ಟು ಮುಚ್ಚಳಗಳ ಒಳಮೈಯಲ್ಲೂ ಇರುತ್ತದೆ. ಒಂದೇ 18-55 ಹೆಸರಿನಲ್ಲಿ ನಿಕಾನ್‌ನ ಎಎಫ್-ಪಿ ಲೆನ್ಸಿಗೆ 55 ಮಿ.ಮೀ. ಬೇಕು, ಕ್ಯಾನನ್‌ನ ಎಸ್‌ಟಿಎಂ ಲೆನ್ಸಿಗೆ 58. ಹೆಸರು ನೋಡಿ ಕೊಂಡು ವಾಪಸ್ ಕಳಿಸುವವರೇ ಹೆಚ್ಚು.

ಮೂರು ಲೆನ್ಸ್ ಇದೆ, ಮೂರಕ್ಕೂ ಬೇರೆ ಬೇರೆ ಅಳತೆ. ಮೂರು ಸೆಟ್ ತಗೋಬೇಕಾ?

ಬೇಡ. ಎಲ್ಲಕ್ಕಿಂತ ದೊಡ್ಡ ಬಾಯಿಯ ಲೆನ್ಸಿಗೆ ಹೊಂದುವ ಒಂದೇ ಸೆಟ್ ತೆಗೆದುಕೊಂಡು, ಉಳಿದವಕ್ಕೆ ಸ್ಟೆಪ್-ಅಪ್ ರಿಂಗ್ ಹಾಕಿ. ರಿಂಗಿನ ಮೇಲೆ 67-82 ಎಂದಿದ್ದರೆ ಮೊದಲ ಸಂಖ್ಯೆ ಲೆನ್ಸಿನದು, ಎರಡನೆಯದು ಫಿಲ್ಟರಿನದು. ಅಂಕಿ ತಿರುವುಮುರುವಾದರೆ ಅದು ಸ್ಟೆಪ್-ಡೌನ್, ವೈಡ್ ಲೆನ್ಸಿನ ಮೂಲೆಗಳನ್ನು ಕತ್ತರಿಸಿಬಿಡುತ್ತದೆ.

ಈಗಿರುವ ದೊಡ್ಡ ಬಾಯಿ 67 ಆಗಿದ್ದರೂ ಮುಂದೆ ಒಳ್ಳೆಯ ವೈಡ್ ಲೆನ್ಸ್ ಕೊಳ್ಳುವ ಯೋಚನೆ ಇದ್ದರೆ 77 ಅಥವಾ 82ಕ್ಕೆ ಹೋಗಿ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ ಕ್ಯಾಮೆರಾ) ವೈಡ್ ಜೂಮ್‌ಗಳಲ್ಲಿ ಈ ಎರಡು ಅಳತೆ ಸಾಮಾನ್ಯ: ಕ್ಯಾನನ್ ಆರ್‌ಎಫ್ 14-35ಕ್ಕೆ 77, ನಿಕಾನ್ ಝಡ್ 14-30ಕ್ಕೆ 82. ಅಲ್ಯೂಮಿನಿಯಂಗಿಂತ ಹಿತ್ತಾಳೆಯ ರಿಂಗ್ ತುಸು ತುಟ್ಟಿ, ಆದರೆ ಸಿಕ್ಕಿಹಾಕಿಕೊಳ್ಳುವುದು ಕಡಿಮೆ. ಒಂದು ನಷ್ಟವನ್ನು ಒಪ್ಪಿಕೊಳ್ಳಲೇಬೇಕು. ರಿಂಗ್ ಹಾಕಿದ ಮೇಲೆ ಲೆನ್ಸಿನ ಹುಡ್ ಕೂರುವುದಿಲ್ಲ. ಸೂರ್ಯ ಬದಿಯಲ್ಲಿದ್ದಾಗ ಅಂಗೈಯನ್ನೋ ಟೊಪ್ಪಿಯನ್ನೋ ಅಡ್ಡ ಹಿಡಿಯಬೇಕು.

## ಯಾವ ವ್ಯವಸ್ಥೆ?

ತಿರುಪಿನದ್ದು, ಮ್ಯಾಗ್ನೆಟಿಕ್, ಚೌಕದ ಹೋಲ್ಡರ್. ಮೂರರಲ್ಲಿ ಕೈಗೆ ಸುಲಭ ಯಾವುದು?

ಹೆಚ್ಚಿನವರಿಗೆ ಮ್ಯಾಗ್ನೆಟಿಕ್. ಕಾರಣ ಗೊತ್ತಾಗಬೇಕಾದರೆ ಒಂದೇ ಕೆಲಸವನ್ನು ಮೂರೂ ಬಗೆಯಲ್ಲಿ ಮಾಡಿ ನೋಡಬೇಕು: ತೊರೆಯ ನಡುವೆ ಟ್ರೈಪಾಡ್, ಅದರ ಮೇಲೆ ಕ್ಯಾಮೆರಾ, ಸಿಪಿಎಲ್ ಸರಿಹೊಂದಿಸಿ ಎನ್‌ಡಿ 64 ಹಾಕಬೇಕು.

ತಿರುಪಿನದ್ದಾದರೆ ಎನ್‌ಡಿಯನ್ನು ಸಿಪಿಎಲ್‌ನ ತಿರುಗುವ ಅಂಚಿಗೇ ತಿರುಗಿಸಿ ಕೂರಿಸಬೇಕು. ಎನ್‌ಡಿ ಬಿಗಿಯಾಗುವ ಹೊತ್ತಿಗೆ ಸಿಪಿಎಲ್ ತನ್ನ ಜಾಗ ಬಿಟ್ಟು ಸರಿದಿರುತ್ತದೆ. ಮರೆ, ಅಂದರೆ ತಿರುಪಿನ ಸುರುಳಿ ಗೆರೆ, ಓರೆಯಾಗಿ ಕೂತರೆ ಬಿಚ್ಚಿ ಮತ್ತೆ ಶುರು. ಇದಕ್ಕೊಂದು ಉಪಾಯವಿದೆ. ಫಿಲ್ಟರನ್ನು ಲೆನ್ಸಿನ ಬಾಯಿಗಿಟ್ಟು ಮೊದಲು ಬಿಚ್ಚುವ ದಿಕ್ಕಿಗೆ ಮೆಲ್ಲಗೆ ತಿರುಗಿಸಿ. ಮರೆಯ ತುದಿಗಳು ಎದುರಾದಾಗ ಟಕ್ ಎಂದು ಕೂತದ್ದು ಬೆರಳಿಗೇ ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಓರೆ ಹೋಗುವುದಿಲ್ಲ. ಆದರೂ ಎರಡು ಕೈ ಬೇಕು, ಚಳಿಗೆ ಬೆರಳು ಮರಗಟ್ಟಿದ್ದರೆ ತಾಳ್ಮೆಯೂ ಬೇಕು.

ಚೌಕದ ಹೋಲ್ಡರಿನಲ್ಲಿ ಲೆನ್ಸಿಗೆ ಅಡಾಪ್ಟರ್ ರಿಂಗ್, ಅದಕ್ಕೆ ಸಿಪಿಎಲ್, ಮೇಲೆ ಹೋಲ್ಡರ್, ಆಮೇಲೆ ಗಾಜು. ಒಮ್ಮೆ ಕೂತ ಮೇಲೆ ಇದರಷ್ಟು ಹಿತ ಬೇರೆಯದರಲ್ಲಿಲ್ಲ. ಬದಿಯ ಪುಟ್ಟ ಚಕ್ರವನ್ನು ಬೆರಳಿನಿಂದ ಹೊರಳಿಸಿದರೆ ಒಳಗಿನ ಸಿಪಿಎಲ್ ತಿರುಗುತ್ತದೆ, ಎನ್‌ಡಿ ಅಲುಗುವುದಿಲ್ಲ. ಕೂರಿಸುವ ತನಕ ಮಾತ್ರ ನಾಲ್ಕು ಬಿಡಿಭಾಗ ಹಿಡಿದುಕೊಂಡು, ಗಾಜಿನ ಮೇಲೆ ಹನಿ ಬೀಳದಂತೆ ಕಾಯುತ್ತ ನಿಂತಿರಬೇಕು.

ಮ್ಯಾಗ್ನೆಟಿಕ್‌ನಲ್ಲಿ ತಿರುಪಿನ ರಿಂಗೊಂದು ಲೆನ್ಸಿನ ಮೇಲೇ ಸದಾ ಇರುತ್ತದೆ. ಸಿಪಿಎಲ್ ಹತ್ತಿರ ತಂದರೆ ತಾನೇ ಕಚ್ಚಿಕೊಳ್ಳುತ್ತದೆ, ತಿರುಗಿಸಿ ಸರಿಮಾಡಿ, ಎನ್‌ಡಿಯನ್ನು ಮೇಲೊತ್ತಿದರೆ ಮುಗಿಯಿತು. ಒಂದೇ ಕೈಯ ಕೆಲಸ. ಎನ್‌ಡಿ ಒತ್ತುವಾಗ ಸಿಪಿಎಲ್ ಇಲ್ಲೂ ಕೊಂಚ ಸರಿಯಬಹುದು. ಅದಕ್ಕೆ ಸಿಪಿಎಲ್‌ನ ತಿರುಗುವ ಅಂಚಿನ ಮೇಲೆ ವೈಟ್ನರ್‌ನಿಂದ ಒಂದು ಚುಕ್ಕೆ ಇಡಿ. ಎನ್‌ಡಿ ಹಾಕುವ ಮುಂಚೆ ಚುಕ್ಕೆ ಎಷ್ಟು ಗಂಟೆಯ ಜಾಗದಲ್ಲಿತ್ತೋ ಹಾಕಿದ ಮೇಲೂ ಅಲ್ಲೇ ಇರುವಂತೆ ನೋಡಿಕೊಂಡರಾಯಿತು.

ಚೌಕದ ಹೋಲ್ಡರಿಗೆ ದುಡ್ಡು ಹಾಕುವುದು ಜಿಎನ್‌ಡಿ ಬೇಕೆಂದು ಖಚಿತವಾಗಿದ್ದರೆ ಮಾತ್ರ. ಮಲೆನಾಡು, ಕಾಡು, ಜಲಪಾತವೇ ನಿಮ್ಮ ವಿಷಯವಾದರೆ ಅದರ ತೂಕ ಹೊರುವುದಕ್ಕೆ ಕಾರಣವಿಲ್ಲ.

ಮ್ಯಾಗ್ನೆಟಿಕ್ ಬಿದ್ದು ಹೋಗಲ್ವಾ? ಅದೇ ಭಯ.

ನೇರ ಎಳೆತಕ್ಕೆ ಬೀಳುವುದಿಲ್ಲ. ಬದಿಯಿಂದ ಪೆಟ್ಟು ಬಿದ್ದರೆ ಕಳಚುತ್ತದೆ. ಕ್ಯಾಮೆರಾವನ್ನು ಹೆಗಲಿಗೆ ತೂಗಿಕೊಂಡು ನಡೆಯುವಾಗ ಸೊಂಟಕ್ಕೆ, ಗಿಡದ ಕೊಂಬೆಗೆ ತಾಗುವುದೇ ಇಂಥ ಪೆಟ್ಟು. ಹಾಗಾಗಿ ಜಾಗ ಬದಲಿಸುವಾಗ ಫಿಲ್ಟರ್ ತೆಗೆದು ಚೀಲಕ್ಕೆ ಹಾಕಿ. ಪೇರಿಸಿದಷ್ಟೂ ಹೊರಗಿನದಕ್ಕೆ ಅಪಾಯ ಜಾಸ್ತಿ, ಎರಡಕ್ಕಿಂತ ಹೆಚ್ಚು ಬೇಡ. ಕೆಲವು ಸೆಟ್‌ಗಳಲ್ಲಿ ಅಯಸ್ಕಾಂತದ ಜೊತೆಗೆ ಬೀಗದಂಥ ಕೊಕ್ಕೆಯೋ ಸಣ್ಣ ಮರೆಯೋ ಇರುತ್ತದೆ. ಬೆಟ್ಟ ಹತ್ತುವವರಿಗೆ ಅಂಥವು ವಾಸಿ.

ಇನ್ನೊಂದು ಕಾಟ ಕಡಲತೀರದಲ್ಲಿ. ಅಲೆ ಸರಿದ ಮರಳಿನ ಮೇಲೆ ಕಪ್ಪು ಗೆರೆಗಳು ಕಾಣುತ್ತವಲ್ಲ, ಆ ಕಣಗಳಲ್ಲಿ ಅಯಸ್ಕಾಂತಕ್ಕೆ ಅಂಟುವವೂ ಇರುತ್ತವೆ. ಫಿಲ್ಟರನ್ನು ಮರಳಿನ ಮೇಲೆ ಒಮ್ಮೆ ಇಟ್ಟರೆ ರಿಂಗಿನ ಸುತ್ತ ಮೀಸೆಯಂತೆ ಹತ್ತಿಕೊಳ್ಳುತ್ತವೆ. ಊದಿದರೆ ಹೋಗುವುದಿಲ್ಲ. ಅಂಟು ಟೇಪನ್ನು ರಿಂಗಿನ ಲೋಹದ ಮೇಲೆ ಒತ್ತಿ ಎತ್ತಬೇಕು. ಗಾಜಿಗೆ ಟೇಪ್ ತಾಗಿಸಬೇಡಿ.

ಒಂದು ಕಂಪನಿಯ ರಿಂಗಿಗೆ ಇನ್ನೊಂದು ಕಂಪನಿಯ ಮ್ಯಾಗ್ನೆಟಿಕ್ ಫಿಲ್ಟರ್ ಕೂರುತ್ತಾ?

ಕೂರುತ್ತದೆ ಎಂದು ನಂಬಿ ಕೊಳ್ಳಬೇಡಿ. ತಿರುಪಿನ ಮರೆಗೆ ಎಲ್ಲ ಕಂಪನಿಗೂ ಹೊಂದುವ ಅಳತೆಯಿದೆ, ಅಯಸ್ಕಾಂತಕ್ಕೆ ಅಂಥದ್ದಿಲ್ಲ. ರಿಂಗಿನ ಆಳ, ಅಂಚಿನ ಆಕಾರ ಒಬ್ಬೊಬ್ಬರದು ಒಂದೊಂದು. ಅರೆಬರೆ ಕೂತಂತೆ ಕಂಡರೂ ಗಾಳಿಗೆ ಅಲುಗಬಹುದು. ಮ್ಯಾಗ್ನೆಟಿಕ್ ಸೆಟ್ ಎಂದರೆ ಒಂದು ಮನೆತನಕ್ಕೆ ಸಂಬಂಧ ಬೆಳೆಸಿದ ಹಾಗೆ. ಆ ಕಂಪನಿಯಲ್ಲಿ ನಿಮಗೆ ಬೇಕಾದ ಎನ್‌ಡಿ, ಬಿಡಿ ರಿಂಗು, ಮ್ಯಾಗ್ನೆಟಿಕ್ ಮುಚ್ಚಳ ಎಲ್ಲವೂ ಬಿಡಿಯಾಗಿ ಸಿಗುತ್ತವೆಯೇ ಎಂದು ನೋಡಿಕೊಂಡೇ ಕೈಹಾಕಿ. ಮುಚ್ಚಳವನ್ನಂತೂ ಮರೆಯಬೇಡಿ, ಲೆನ್ಸಿನ ಜೊತೆ ಬಂದ ಮುಚ್ಚಳ ಬಹಳಷ್ಟು ಮ್ಯಾಗ್ನೆಟಿಕ್ ರಿಂಗುಗಳ ಮೇಲೆ ನಿಲ್ಲುವುದಿಲ್ಲ.

ಚೌಕದಲ್ಲಿ 75, 84, 100, 150 ಅಂತೆಲ್ಲ ಇದೆ. ಯಾವುದು?

ಫುಲ್ ಫ್ರೇಮ್ ಅಥವಾ ಅದಕ್ಕಿಂತ ಸಣ್ಣ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾ, 82 ಮಿ.ಮೀ.ವರೆಗಿನ ಬಾಯಿ: 100 ಮಿ.ಮೀ. ಲೀ, ನಿಸಿ, ಕೇಸ್, ಹೈಡಾ ಕಂಪನಿಗಳೆಲ್ಲದರದ್ದೂ ಈ ಅಳತೆಯಲ್ಲಿದೆ. ಗಾಜು 2 ಮಿ.ಮೀ. ದಪ್ಪವಿದ್ದರೆ ಒಬ್ಬರ ಹೋಲ್ಡರಿನಲ್ಲಿ ಇನ್ನೊಬ್ಬರದು ಸಾಮಾನ್ಯವಾಗಿ ನಡೆಯುತ್ತದೆ, ಮ್ಯಾಗ್ನೆಟಿಕ್‌ನಲ್ಲಿಲ್ಲದ ಸ್ವಾತಂತ್ರ್ಯ ಇದು. ಎನ್‌ಡಿ 100×100, ಜಿಎನ್‌ಡಿ 100×150 ಬರುತ್ತದೆ. ಮೇಲೆ ಕೆಳಗೆ ಸರಿಸಲೆಂದೇ ಆ ಹೆಚ್ಚುವರಿ ಉದ್ದ.

75 ಸಣ್ಣ ಮಿರರ್‌ಲೆಸ್ ಲೆನ್ಸುಗಳಿಗೆ. 84 ಎಂದರೆ ಕೋಕಿನ್‌ನ ಹಳೆಯ ಪಿ ಅಳತೆ, ಅಗ್ಗಕ್ಕೆ ಸಿಗುತ್ತದೆ, ಫುಲ್ ಫ್ರೇಮ್ ವೈಡ್ ಲೆನ್ಸಿನಲ್ಲಿ ಮೂಲೆ ಕಪ್ಪಾಗುತ್ತದೆ. 150 ಉಬ್ಬುಗಾಜಿನ ಲೆನ್ಸಿನವರಿಗೆ ಮಾತ್ರ.

ವೇರಿಯಬಲ್ ಎನ್‌ಡಿ ಒಂದೇ ತಗೊಂಡ್ರೆ ಎಲ್ಲಾ ಆಗುತ್ತಲ್ವಾ?

ವಿಡಿಯೋ ಮಾಡುವವರಿಗೆ ವರ, ವೈಡ್ ಲ್ಯಾಂಡ್‌ಸ್ಕೇಪಿಗೆ ತಲೆನೋವು. ಅದರೊಳಗಿರುವುದು ಎದುರುಬದುರಾಗಿ ಕೂರಿಸಿದ ಎರಡು ಪೋಲರೈಸರ್. ಒಂದನ್ನು ತಿರುಗಿಸಿದಂತೆ ಬೆಳಕು ಕಡಿಮೆಯಾಗುತ್ತದೆ, ಆದರೆ ಓರೆಯಾಗಿ ಬರುವ ಕಿರಣಕ್ಕೂ ನೇರ ಬರುವ ಕಿರಣಕ್ಕೂ ಒಂದೇ ಪ್ರಮಾಣದಲ್ಲಿ ಅಲ್ಲ. ಅದರಿಂದಲೇ ಗರಿಷ್ಠ ಮಟ್ಟದ ಹತ್ತಿರ, ಅದರಲ್ಲೂ ವೈಡ್ ಕೋನದಲ್ಲಿ, ಚಿತ್ರದ ಮೇಲೆ ಗುಣಿಸು ಚಿಹ್ನೆಯಂಥ ಕಪ್ಪು ಪಟ್ಟೆ ಮೂಡುತ್ತದೆ. ಫುಲ್ ಫ್ರೇಮಿನಲ್ಲಿ 35 ಮಿ.ಮೀ.ಗಿಂತ ವೈಡ್ ಹೋಗದವರು, ಸುಮಾರು 5 ಸ್ಟಾಪಿಗೆ ನಿಲ್ಲುವ ತಡೆಯಿರುವ ಒಂದನ್ನು ಇಟ್ಟುಕೊಳ್ಳಬಹುದು.

ರೆಸಿನ್ ಫಿಲ್ಟರ್ ಅಗ್ಗಕ್ಕಿದೆ. ಗಾಜೇ ಬೇಕಾ?

ರೆಸಿನ್ ಎಂದರೆ ಪ್ಲಾಸ್ಟಿಕ್ ಬಗೆಯದ್ದು, ಬಿದ್ದರೆ ಸುಲಭವಾಗಿ ಒಡೆಯುವುದಿಲ್ಲ, ಆದರೆ ಬೇಗ ಗೀರು ಬೀಳುತ್ತದೆ. ಗಾಜು ಗೀರಿಗೆ ಜಗ್ಗದು, ಬಂಡೆಗೆ ಬಿದ್ದರೆ ಕಥೆ ಮುಗಿಯಿತು. ಜಿಎನ್‌ಡಿಗೆ ರೆಸಿನ್ ನಡೆಯುತ್ತದೆ. 6, 10 ಸ್ಟಾಪಿನ ಎನ್‌ಡಿಗೆ ಗಾಜು ಇರಲಿ. ಮಳೆಗಾಲದಲ್ಲಿ ದಿನಕ್ಕೆ ಐವತ್ತು ಸಲ ಒರೆಸುವ ಮೇಲ್ಮೈ ಅದು.

ನನ್ನ ಲೆನ್ಸಿನ ಮುಂದಿನ ಗಾಜು ಉಬ್ಬಿಕೊಂಡಿದೆ, ಮರೆಯೇ ಇಲ್ಲ. ಏನು ಮಾಡ್ಲಿ?

ನಿಕಾನ್‌ನ ಹಳೆಯ ಎಎಫ್-ಎಸ್ 14-24 ಎಫ್/2.8 ಇಂಥದ್ದು. ಇದಕ್ಕೆ 150 ಮಿ.ಮೀ. ಹೋಲ್ಡರೇ ದಾರಿ, ಅದೂ ಆ ಲೆನ್ಸಿಗೆಂದೇ ಮಾಡಿದ್ದು. ಕ್ಯಾನನ್ ಇಎಫ್ 11-24, ಸೋನಿ 12-24 ಜಿಎಂ ಮುಂತಾದವುಗಳ ಹಿಂಭಾಗದಲ್ಲಿ ತೆಳು ಹಾಳೆಯಂಥ ಫಿಲ್ಟರ್ ಕತ್ತರಿಸಿ ಸೇರಿಸುವ ಜಾಗವಿದೆ. ಎನ್‌ಡಿಗೆ ಅದು ಸಾಕು, ಸಿಪಿಎಲ್ ಅಲ್ಲಿ ತಿರುಗಿಸಲಾಗದು. ಇನ್ನೂ ಲೆನ್ಸ್ ಕೊಂಡಿಲ್ಲವಾದರೆ, ಮರೆಯಿರುವ ಎಫ್/4 ವೈಡ್ ಜೂಮ್ ತೆಗೆದುಕೊಳ್ಳಿ. ಟ್ರೈಪಾಡಿನ ಮೇಲೆ ಎಫ್/11ರಲ್ಲಿ ತೆಗೆಯುವವರಿಗೆ ಎಫ್/2.8 ಅಷ್ಟೇನೂ ಉಪಯೋಗಕ್ಕೆ ಬರುವುದಿಲ್ಲ.

## ಕ್ಯಾಮೆರಾ ಹಿಡಿದು ಹೊರಟಾಗ

ಎಷ್ಟು ಸ್ಟಾಪ್ ಬೇಕು, ಶಟರ್ ಎಷ್ಟಿಡಬೇಕು? ಆ್ಯಪ್ ಇಲ್ಲದೆ ಲೆಕ್ಕ ಹಾಕೋಕಾಗುತ್ತಾ?

ಬಾಯಿಲೆಕ್ಕ ಸಾಕು. ಫಿಲ್ಟರ್ ಇಲ್ಲದಾಗಿನ ಶಟರಿನ ಕೆಳಗಿನ ಅಂಕಿಯಿಂದ ಎನ್‌ಡಿಯ ಅಂಕಿಯನ್ನು ಭಾಗಿಸಿ. 1/60 ಇದ್ದರೆ ಎನ್‌ಡಿ 64ಕ್ಕೆ 64 ಭಾಗ 60, ಹತ್ತಿರ ಹತ್ತಿರ 1 ಸೆಕೆಂಡ್. ಎನ್‌ಡಿ 1000ಕ್ಕೆ 1000 ಭಾಗ 60, ಸುಮಾರು 17 ಸೆಕೆಂಡ್. 1/15 ಇದ್ದರೆ ಎನ್‌ಡಿ 64ಕ್ಕೆ 4 ಸೆಕೆಂಡ್, ಎನ್‌ಡಿ 1000ಕ್ಕೆ ಒಂದು ನಿಮಿಷದ ಮೇಲೆ. ಡಬ್ಬಿಯ ಮೇಲೆ 0.9, 1.8, 3.0 ಎಂದಿದ್ದರೆ ಗಾಬರಿ ಬೇಡ. 0.3ಕ್ಕೆ ಒಂದು ಸ್ಟಾಪ್, ಅಂದರೆ ಅವು 3, 6, 10 ಸ್ಟಾಪಿನವೇ.

ಶಟರ್ ಎಷ್ಟಿಡಬೇಕೆಂಬುದು ನೀರಿನ ಸ್ವಭಾವದ ಮೇಲೆ. ತೊರೆ, ಸಣ್ಣ ಜಲಪಾತ ಹತ್ತಿರದಿಂದ: 1/4ರಿಂದ 1 ಸೆಕೆಂಡ್. ಜೋಗದಂಥ ದೊಡ್ಡ ಜಲಪಾತ ಮಳೆಗಾಲದಲ್ಲಿ ತುಂಬಿ ಬೀಳುವಾಗ 1 ಸೆಕೆಂಡ್ ಕೊಟ್ಟರೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಬಿಳಿ ಬಟ್ಟೆ ಒಣಗಿಸಿದ ಹಾಗೆ ಕಾಣುತ್ತವೆ. 1/8ರ ಆಸುಪಾಸು ನೀರಿನ ಎಳೆ ಉಳಿಯುತ್ತದೆ. ಬಂಡೆಯಿಂದ ಹಿಂದಿರುಗುವ ಅಲೆಯ ಗೆರೆಗೆ 1/4ರಿಂದ 1 ಸೆಕೆಂಡ್, ಸಮುದ್ರ ಮಂಜಿನಂತೆ ಕಾಣಲು 30 ಸೆಕೆಂಡ್ ಮತ್ತು ಮೇಲೆ. ಮೋಡ ಎಳೆದಂತೆ ಕಾಣಬೇಕಾದರೆ 1ರಿಂದ 4 ನಿಮಿಷ, ಗಾಳಿ ಎಷ್ಟಿದೆ ನೋಡಿ. ಬರೀ ತೊರೆ, ಅಲೆ ತೆಗೆಯುವವರಿಗೆ ಎನ್‌ಡಿ 1000 ಇಲ್ಲದೆಯೂ ನಡೆಯುತ್ತದೆ.

ಎನ್‌ಡಿ 1000 ಹಾಕಿದ ಮೇಲೆ ಏನೂ ಕಾಣಲ್ಲ, ಫೋಕಸ್ ಹಿಂದೆ ಮುಂದೆ ಓಡಾಡ್ತಾನೇ ಇರುತ್ತೆ.

ಕ್ರಮ ಹಿಂದುಮುಂದಾಗಿದೆ. ಫಿಲ್ಟರ್ ಇಲ್ಲದೆ ಚೌಕಟ್ಟು ಹೊಂದಿಸಿ, ಫೋಕಸ್ ಮಾಡಿ, ಆಟೋದಿಂದ ಮ್ಯಾನುಯಲ್‌ಗೆ ಬದಲಿಸಿ. ಮ್ಯಾನುಯಲ್ ಎಕ್ಸ್‌ಪೋಷರಿನಲ್ಲಿ ಒಂದು ಪರೀಕ್ಷಾ ಚಿತ್ರ ತೆಗೆದು ಶಟರ್ ನೆನಪಿಟ್ಟುಕೊಳ್ಳಿ. ಆಮೇಲೆ ಫೋಕಸ್ ರಿಂಗ್ ಮುಟ್ಟದೆ ಎನ್‌ಡಿ ಹಾಕಿ. ಮ್ಯಾಗ್ನೆಟಿಕ್ ಮೇಲುಗೈ ಪಡೆಯುವುದು ಇಲ್ಲೇ. ತಿರುಪಿನ ಫಿಲ್ಟರ್ ಹಾಕುವಾಗ ಲೆನ್ಸೇ ಒಂದೆರಡು ಕೂದಲೆಳೆ ತಿರುಗಿ, ಫೋಕಸೂ ಜೂಮೂ ಎರಡೂ ಕೆಡಬಹುದು.

ಆಮೇಲೆ ಶಟರ್ ಲೆಕ್ಕ ಹಾಕಿ, 30 ಸೆಕೆಂಡ್ ಮೀರಿದರೆ ಬಲ್ಬ್ ಮೋಡ್ (ನೀವು ಬಿಡುವ ತನಕ ಶಟರ್ ತೆರೆದೇ ಇರುತ್ತದೆ), ರಿಮೋಟ್ ಅಥವಾ ಫೋನಿನ ಆ್ಯಪ್. ಟ್ರೈಪಾಡಿನ ಮೇಲೆ ಸ್ಟೆಬಿಲೈಸರ್ ಆಫ್ ಮಾಡಿ. ‘ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್’ ಆನ್ ಇದ್ದರೆ 2 ನಿಮಿಷದ ಚಿತ್ರಕ್ಕೆ ಮತ್ತೆ 2 ನಿಮಿಷ ಕ್ಯಾಮೆರಾ ಸುಮ್ಮನೆ ಕೂರುತ್ತದೆ. ಕೆಟ್ಟಿತೆಂದುಕೊಂಡು ಬ್ಯಾಟರಿ ಕೀಳುವವರಿದ್ದಾರೆ. ಸೂರ್ಯಾಸ್ತದ ಕೊನೆಯ ಹತ್ತು ನಿಮಿಷದಲ್ಲಿ ಅದನ್ನು ಆಫ್ ಮಾಡಿಡಿ.

ಸಿಪಿಎಲ್ ಎಷ್ಟು ತಿರುಗಿಸಿದ್ರೂ ಬದಲಾವಣೆ ಇಲ್ಲ. ಡೂಪ್ಲಿಕೇಟ್ ಇರಬಹುದಾ?

ಇರಬಹುದು, ಆದರೆ ಮೊದಲು ದಿಕ್ಕು ನೋಡಿ. ಸೂರ್ಯನಿಗೆ ಮುಖ ಮಾಡಿದರೂ ಬೆನ್ನು ಮಾಡಿದರೂ ಆಕಾಶದ ಮೇಲೆ ಸಿಪಿಎಲ್ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ಸೂರ್ಯನಿಂದ 90 ಡಿಗ್ರಿ ಬದಿಗೆ ಗರಿಷ್ಠ. ತೋರುಬೆರಳನ್ನು ಸೂರ್ಯನತ್ತ ಚಾಚಿ, ಹೆಬ್ಬೆರಳನ್ನು ಅದಕ್ಕೆ ಲಂಬವಾಗಿ ಎತ್ತಿ, ಮುಂಗೈಯನ್ನು ಹೊರಳಿಸಿ. ಹೆಬ್ಬೆರಳು ತೋರಿಸುತ್ತ ಹೋಗುವ ಪಟ್ಟಿಯೇ ಆಕಾಶದಲ್ಲಿ ಅತಿ ಕಡುವಾಗುವ ಭಾಗ. ನಮ್ಮ ಕರಾವಳಿಯಲ್ಲಿ ಸೂರ್ಯಾಸ್ತ ಕಡಲ ಮೇಲೇ ಆಗುವುದರಿಂದ ಸೂರ್ಯನಿಗೆ ಎದುರಾಗಿ ತೆಗೆಯುವಾಗ ಸಿಪಿಎಲ್ ಬರೀ ಹೊರೆ, ತೆಗೆದಿಡಿ.

ಇದೇ ಕಾರಣಕ್ಕೆ 24 ಮಿ.ಮೀ.ಗಿಂತ ವೈಡ್ ಲೆನ್ಸಿನಲ್ಲಿ ನೀಲಿ ಆಕಾಶ ಒಂದು ಕಡೆ ಕಡುನೀಲಿ, ಇನ್ನೊಂದು ಕಡೆ ತಿಳಿಯಾಗಿ ಬರುತ್ತದೆ. ಫಿಲ್ಟರಿನ ದೋಷವಲ್ಲ, ಆಕಾಶವೇ ಹಾಗಿದೆ. ತುಸು ಹಿಂದಕ್ಕೆ ತಿರುಗಿಸಿ ಪರಿಣಾಮ ತಗ್ಗಿಸಿ, ಇಲ್ಲವೇ ಆಕಾಶ ಕಡಿಮೆ ಸೇರಿಸಿ.

ನೀರಿನ ಲೆಕ್ಕ ಬೇರೆ. ನೋಟ ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಕೋನದಲ್ಲಿದ್ದರೆ ತಳದ ಕಲ್ಲು ಚೆನ್ನಾಗಿ ಕಾಣುತ್ತದೆ. ಕೆರೆಯಲ್ಲಿ ಬೆಟ್ಟದ ಪ್ರತಿಬಿಂಬ ಬೇಕೆಂದರೆ ಉಲ್ಟಾ ತಿರುಗಿಸಿ, ಪೂರ್ತಿ ತಿರುಗಿಸಿದರೆ ಪ್ರತಿಬಿಂಬವೇ ಮಾಯ. ಜಲಪಾತದ ಮುಂದಿನ ಕಾಮನಬಿಲ್ಲನ್ನೂ ಸಿಪಿಎಲ್ ನುಂಗಿಬಿಡಬಲ್ಲದು, ನೋಡಿಕೊಂಡು ತಿರುಗಿಸಿ. ಲೋಹದ ಹೊಳಪು ಮಾತ್ರ ಇದಕ್ಕೆ ಬಗ್ಗುವುದಿಲ್ಲ.

ಜಿಎನ್‌ಡಿ ಸಾಫ್ಟ್, ಹಾರ್ಡ್, ರಿವರ್ಸ್. ಒಂದೇ ತಗೊಳ್ಳೋದಾದ್ರೆ?

ಘಟ್ಟದ ಸಾಲಿಗೆ, ಕಪ್ಪು ಮೆಲ್ಲಗೆ ತಿಳಿಯಾಗುವ ಸಾಫ್ಟ್, 3 ಸ್ಟಾಪ್. ಮುಳ್ಳಯ್ಯನಗಿರಿಯ ಕಡೆಯ ಏರಿಳಿತದ ದಿಗಂತಕ್ಕೆ, ಕಪ್ಪು ಥಟ್ಟನೆ ಮುಗಿಯುವ ಹಾರ್ಡ್ ಹಾಕಿದರೆ ಗೆರೆಯ ಮೇಲೆ ಚಾಚಿದ ಶಿಖರಗಳೆಲ್ಲ ಮಸಿ ಬಳಿದಂತಾಗುತ್ತವೆ. ಗೋಕರ್ಣ, ಮರವಂತೆ, ಸೇಂಟ್ ಮೇರೀಸ್ ದ್ವೀಪ ಹೀಗೆ ಕಡಲಂಚಿನ ನೇರ ದಿಗಂತಕ್ಕೆ ಹಾರ್ಡ್ ಅಥವಾ ರಿವರ್ಸ್. ರಿವರ್ಸ್‌ನಲ್ಲಿ ಅತಿ ಕಪ್ಪು ಭಾಗ ನಡುಗೆರೆಯ ಹತ್ತಿರವೇ ಇದ್ದು ಮೇಲೆ ಹೋದಂತೆ ತಿಳಿಯಾಗುತ್ತದೆ. ಸೂರ್ಯ ನೀರಿಗೆ ಇಳಿಯುವ ಹೊತ್ತಿಗೆ ಬೆಳಕು ದಿಗಂತದಲ್ಲೇ ಹೆಚ್ಚಿರುವುದರಿಂದ ಪಶ್ಚಿಮಕ್ಕೆ ಮುಖ ಮಾಡಿದ ನಮ್ಮ ಕರಾವಳಿಗೆ ಅದು ಹೇಳಿ ಮಾಡಿಸಿದ ಹಾಗಿದೆ.

ಲೆನ್ಸ್ ಚಿಕ್ಕದಾದಷ್ಟೂ 100 ಮಿ.ಮೀ. ಗಾಜಿನ ನಡುಭಾಗ ಮಾತ್ರ ಬಳಕೆಯಾಗುತ್ತದೆ, ಸಾಫ್ಟ್ ಇನ್ನಷ್ಟು ಸಾಫ್ಟ್ ಆಗಿ ಪರಿಣಾಮವೇ ಕಾಣದಂತಾಗುತ್ತದೆ. ಸಣ್ಣ ಸೆನ್ಸರಿನ ಮೈಕ್ರೋ ಫೋರ್ ಥರ್ಡ್ಸ್‌ನವರು, 70 ಮಿ.ಮೀ. ದಾಟಿ ತೆಗೆಯುವವರು ಮೀಡಿಯಂ ಅಥವಾ ಹಾರ್ಡ್‌ಗೆ ಹೋಗಲಿ. ತಿರುಪಿನ ದುಂಡು ಜಿಎನ್‌ಡಿ ಮಾತ್ರ ಬೇಡ. ಗೆರೆ ನಟ್ಟನಡುವೆ ಇರುತ್ತದೆ, ದಿಗಂತವನ್ನು ಎಲ್ಲ ಚಿತ್ರದಲ್ಲೂ ನಡುವೆಯೇ ಇಡಬೇಕಾಗುತ್ತದೆ.

ಹೋಲ್ಡರ್ ಹೊರಲು ಮನಸ್ಸಿಲ್ಲವೇ? ಆಕಾಶಕ್ಕೊಂದು, ನೆಲಕ್ಕೊಂದು ಎಕ್ಸ್‌ಪೋಷರ್ ತೆಗೆದು ಸೇರಿಸಿಕೊಳ್ಳಿ. ಬಹಳ ಜನ ಈಗ ಅದನ್ನೇ ಮಾಡುತ್ತಾರೆ, ತಪ್ಪೇನಿಲ್ಲ.

ವೈಡ್‌ನಲ್ಲಿ ನಾಲ್ಕು ಮೂಲೆಯೂ ಕಪ್ಪಾಗುತ್ತೆ. ಲೆನ್ಸ್ ತೊಂದರೆಯಾ?

ಫಿಲ್ಟರಿನ ಅಂಚು ಚೌಕಟ್ಟಿಗೆ ಬರುತ್ತಿದೆ. ಜೂಮನ್ನು ಅತಿ ವೈಡ್‌ಗೆ ತಂದು, ಎಫ್/16 ಇಟ್ಟು, ಬಿಳಿ ಗೋಡೆಯ ಚಿತ್ರ ಒಂದು ಫಿಲ್ಟರ್ ಸಹಿತ, ಒಂದು ರಹಿತ ತೆಗೆದು ಹೋಲಿಸಿ. ಎಫ್/16ರಲ್ಲಿ ಅಂಚಿನ ನೆರಳು ಖಚಿತ ಗೆರೆಯಾಗಿ ಕಾಣುತ್ತದೆ, ಎಫ್/4ರಲ್ಲಿ ಅದು ಲೆನ್ಸಿನದೇ ಮಬ್ಬಿನೊಂದಿಗೆ ಬೆರೆತು ಮೋಸ ಮಾಡುತ್ತದೆ. ಒಂದೇ ಮೂಲೆ ಕಪ್ಪಾದರೆ ಹೋಲ್ಡರ್ ಸರಿಯಾಗಿ ಕೂತಿಲ್ಲ. ನಾಲ್ಕೂ ಕಪ್ಪಾದರೆ ಒಂದು ಫಿಲ್ಟರ್ ತೆಗೆಯಿರಿ, ಅಥವಾ 16ರ ಬದಲು 18 ಮಿ.ಮೀ.ಗೆ ಬನ್ನಿ.

2 ನಿಮಿಷದ ಚಿತ್ರದಲ್ಲಿ ನಡುವೆ ನೇರಳೆ ಪಟ್ಟೆ, ಬಣ್ಣವೆಲ್ಲ ನೀಲಿ. ಫಿಲ್ಟರ್ ಕೆಟ್ಟದ್ದಾ?

ಎರಡು ಬೇರೆ ಕಾಯಿಲೆ. ಪಟ್ಟೆ ಬರುವುದು ಬೆಳಕು ಸೋರಿ. ಕನ್ನಡಿಯಿರುವ ಡಿಎಸ್‌ಎಲ್‌ಆರ್‌ನಲ್ಲಿ ಹಿಂದಿನ ವ್ಯೂಫೈಂಡರಿನಿಂದಲೇ ಬೆಳಕು ಒಳನುಗ್ಗುತ್ತದೆ. ಕೆಲವು ಕ್ಯಾಮೆರಾಗಳ ಕೊರಳಪಟ್ಟಿಗೆ ಸಿಕ್ಕಿಸಿರುವ ರಬ್ಬರ್ ಮುಚ್ಚಳ ಅದಕ್ಕೇ ಇರುವುದು, ಕಳೆದುಹೋಗಿದ್ದರೆ ಕಪ್ಪು ಟೇಪ್ ಹಾಕಿ. ಚೌಕದ ಹೋಲ್ಡರಿನಲ್ಲಿ ಎನ್‌ಡಿಯ ಸುತ್ತ ಫೋಮ್ ಪಟ್ಟಿ ಇರಬೇಕು. ಅದು ಲೆನ್ಸಿನ ಕಡೆಗಿರುವಂತೆ, ಅತಿ ಒಳಗಿನ ಸಾಲಿನಲ್ಲಿ ಕೂರಿಸಿ.

ಬಣ್ಣದ ವಿಷಯ: ಕಡು ಎನ್‌ಡಿಗಳು ಒಂದಿಷ್ಟು ನೀಲಿಗೋ ಕಂದಿಗೋ ವಾಲುತ್ತವೆ. ರಾ ಫೈಲಿನಲ್ಲಿ ತೆಗೆದರೆ ವೈಟ್ ಬ್ಯಾಲೆನ್ಸ್ ಒಂದೇ ಎಳೆತಕ್ಕೆ ಸರಿಯಾಗುತ್ತದೆ. ಚಿತ್ರದ ನಡುವೆ ಒಂದು ಬಣ್ಣ, ಅಂಚಿಗೆ ಇನ್ನೊಂದು ಬಣ್ಣ ಬಂದರೆ ಮಾತ್ರ ಆ ಫಿಲ್ಟರ್ ವಾಪಸ್ ಮಾಡಿ.

## ಆರೈಕೆ, ರಿಪೇರಿ

ಫಿಲ್ಟರ್ ಲೆನ್ಸಿಗೆ ಸಿಕ್ಕಿಹಾಕ್ಕೊಂಡಿದೆ, ಎಷ್ಟು ತಿರುಗಿಸಿದ್ರೂ ಬರ್ತಿಲ್ಲ.

ಗಟ್ಟಿ ಹಿಡಿದಷ್ಟೂ ಬರುವುದಿಲ್ಲ. ಎರಡು ಬದಿ ಒತ್ತಿದಾಗ ತೆಳು ರಿಂಗ್ ಮೊಟ್ಟೆಯಾಕಾರಕ್ಕೆ ಬಾಗಿ ಮರೆಗೆ ಇನ್ನಷ್ಟು ಕಚ್ಚುತ್ತದೆ. ಅಂಚಿನ ಸುತ್ತ ಅಗಲದ ರಬ್ಬರ್ ಬ್ಯಾಂಡ್ ಹಾಕಿ, ಐದೂ ಬೆರಳು ಸಮನಾಗಿ ತಾಗಿಸಿ, ಒತ್ತದೆ ತಿರುಗಿಸಿ. ಆಗದಿದ್ದರೆ ತೊಳೆದ ರಬ್ಬರ್ ಚಪ್ಪಲಿಯ ಅಡಿಯನ್ನು ಫಿಲ್ಟರಿನ ಅಂಚಿಗೆ ಸಮತಟ್ಟಾಗಿ ಹಿಡಿದು ತಿರುಗಿಸಿ. ಎರಡು ಫಿಲ್ಟರ್ ಒಂದಕ್ಕೊಂದು ಅಂಟಿದ್ದರೆ ಪ್ಲಾಸ್ಟಿಕ್ ಫಿಲ್ಟರ್ ರೆಂಚ್ ಜೋಡಿ ಬೇಕು. ಎಣ್ಣೆ, ಸ್ಪ್ರೇ ಏನೂ ಬೇಡ, ಒಳಗಿಳಿದರೆ ಲೆನ್ಸಿಗೇ ಕೇಡು.

ಮಳೆ, ಉಪ್ಪುನೀರು ತಾಗಿದ್ರೆ ಹೇಗೆ ಒರೆಸೋದು? ಬೂಷ್ಟು ಬರುತ್ತೆ ಅಂತಾರೆ.

ಮಳೆಹನಿಯನ್ನು ಮೊದಲು ಬ್ಲೋವರ್‌ನಿಂದ ಊದಿ, ಉಳಿದದ್ದನ್ನು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಒತ್ತಿ ತೆಗೆಯಿರಿ. ಮೂರು ಬಟ್ಟೆ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿರಲಿ, ಘಟ್ಟದ ಮಳೆಯಲ್ಲಿ ಒಂದು ಬಟ್ಟೆ ಕಾಲು ಗಂಟೆಗೂ ಬಾರದು. ಕಡಲ ತುಂತುರು ಒಣಗಿದ್ದರೆ ಒರೆಸಲೇಬೇಡಿ, ಉಪ್ಪಿನ ಹರಳು ಮರಳುಕಾಗದದಂತೆ ಗೀರುತ್ತದೆ. ಗಾಜಿನ ಎನ್‌ಡಿಯನ್ನು ಲೆನ್ಸಿನಿಂದ ಬಿಚ್ಚಿ ಸಿಹಿನೀರಿನಲ್ಲಿ ತೊಳೆದು ಆಮೇಲೆ ಒರೆಸಿ. ಸಿಪಿಎಲ್‌ನಲ್ಲಿ ಎರಡು ಗಾಜಿನ ನಡುವೆ ತೆಳು ಹಾಳೆ ಇರುತ್ತದೆ, ಮುಳುಗಿಸಿದರೆ ಅಂಚಿನಿಂದ ನೀರು ನುಗ್ಗಬಹುದು. ಅದಕ್ಕೆ ಒದ್ದೆ ಬಟ್ಟೆಯಷ್ಟೇ.

ಎಸಿ ಕಾರಿನಿಂದ ಕರಾವಳಿಯ ಸೆಕೆಗೆ ಇಳಿದೊಡನೆ ಗಾಜೆಲ್ಲ ಮಬ್ಬಾಗುತ್ತದೆ. ಚೀಲವನ್ನು ಮುಚ್ಚಿದಂತೆಯೇ 20-30 ನಿಮಿಷ ಹೊರಗಿಟ್ಟು ಆಮೇಲೆ ತೆರೆಯಿರಿ. ಮನೆಗೆ ಬಂದ ಮೇಲೆ ಫಿಲ್ಟರ್‌ಗಳನ್ನು ಒದ್ದೆ ಚೀಲದಲ್ಲೇ ಬಿಡಬೇಡಿ. ಒಂದು ರಾತ್ರಿ ಫ್ಯಾನಿನಡಿ ಹರಡಿ, ನಂತರ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಗೆ ಸೇರಿಸಿ. ಜೆಲ್ ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ. ಆ ಬಾಣಲೆ ಅಡುಗೆಯದ್ದಾಗಿರದಿರಲಿ.

ಸೆಕೆಂಡ್ ಹ್ಯಾಂಡ್ ಸಿಗ್ತಿದೆ. ಅಲ್ಲೇ ನಿಂತು ಪರೀಕ್ಷೆ ಮಾಡೋದು ಹೇಗೆ?

ಸಿಪಿಎಲ್ ಅನ್ನು ಲ್ಯಾಪ್‌ಟಾಪ್ ಪರದೆಯ ಮುಂದೆ ಹಿಡಿದು ಸುತ್ತಿ. ಎಲ್‌ಸಿಡಿ ಪರದೆಯಾದರೆ ಕತ್ತಲು-ಬೆಳಕು ಆಗಲೇಬೇಕು. ಒಂದು ದಿಕ್ಕಿನಿಂದ ಮಾತ್ರ ಕತ್ತಲಾಗುವುದು ಸಹಜ, ಅದು ದೋಷವಲ್ಲ. ಕತ್ತಲಾದಾಗ ಅಂಚಿನಲ್ಲಿ ಬಿಳಿಚು ಕಲೆ, ಎಲೆಯಂಥ ಗುಳ್ಳೆ ಕಂಡರೆ ಒಳಹಾಳೆ ಬಿಟ್ಟುಕೊಂಡಿದೆ, ಬೇಡ ಅನ್ನಿ.

ಎನ್‌ಡಿಯನ್ನು ಓರೆ ಹಿಡಿದು ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ. ಗಾಜು ಸಮತಟ್ಟಾಗಿದ್ದರೆ ಪ್ರತಿಬಿಂಬ ನೇರ ಗೆರೆ, ಅಲೆಯಂತೆ ಬಾಗಿದರೆ ಟೆಲಿ ಲೆನ್ಸಿನಲ್ಲಿ ಚಿತ್ರ ಮಬ್ಬಾಗುತ್ತದೆ. ಹೇಳಿದಷ್ಟು ಸ್ಟಾಪ್ ಇದೆಯೇ ತಿಳಿಯಲು ಬಿಳಿ ಹಾಳೆಯನ್ನು ಫಿಲ್ಟರ್ ಇಲ್ಲದೆ 1/60, ಎನ್‌ಡಿ 64 ಹಾಕಿ 1 ಸೆಕೆಂಡಿಗೆ ತೆಗೆದು ಹಿಸ್ಟೋಗ್ರಾಮ್ (ಕ್ಯಾಮೆರಾ ತೋರಿಸುವ ಬೆಳಕಿನ ನಕ್ಷೆ) ಹೋಲಿಸಿ. ಮೂರನೇ ಒಂದು ಸ್ಟಾಪ್ ಆಚೀಚೆಯಾದರೆ ಒಪ್ಪಬಹುದು, ಒಂದಿಡೀ ಸ್ಟಾಪ್ ವ್ಯತ್ಯಾಸವಿದ್ದರೆ ಬೆಲೆ ಇಳಿಸಿ ಕೇಳಿ. ಮ್ಯಾಗ್ನೆಟಿಕ್ ಆದರೆ ರಿಂಗಿನ ಸಹಿತ ಕೊಡುತ್ತಾರೆಯೇ ವಿಚಾರಿಸಿ, ಲೆನ್ಸಿಗೆ ಹಾಕಿ ತಲೆಕೆಳಗು ಮಾಡಿ, ಬೆರಳಿನಿಂದ ಬದಿಗೆ ಮೆಲ್ಲಗೆ ತಳ್ಳಿ. ಕೆಳಗೆ ಇನ್ನೊಂದು ಕೈ ಒಡ್ಡಿರಿ.